ಅಪ್ಪನ ಹೆಸರಿನಲ್ಲೊಂದು ಟ್ರಸ್ಟ್

ಕುಟುಂಬದ ಟ್ರಸ್ಟ್ ಮತ್ತು ದತ್ತಿನಿಧಿಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಲೆಕ್ಕಪರಿಶೋಧಕರೊಬ್ಬರ ಉತ್ತರ

ನಮ್ಮ ತಂದೆ ತಿಪಟೂರು ಕಡೆಯ ಹಳ್ಳಿಯಲ್ಲಿ ಮೇಷ್ಟರಾಗಿದ್ದವರು. ಹೋದ ವರ್ಷ ತೀರಿಕೊಂಡರು. ಅವರು ಬೆಂಗಳೂರಿನಲ್ಲಿ ಕೊಂಡಿಟ್ಟಿದ್ದ ಸೈಟು ಮಾರಿದ ಹಣದಲ್ಲಿ 60 ಲಕ್ಷ ರೂಪಾಯಿಯನ್ನು ಅವರ ಹೆಸರಿನಲ್ಲಿ ಊರಿಗೇ ಬಳಸಬೇಕೆಂದು ನಾವು ಮೂವರು ಮಕ್ಕಳು ಮಾತಾಡಿಕೊಂಡಿದ್ದೇವೆ. ಅಮೆರಿಕದಲ್ಲಿರುವ ಅಣ್ಣ ತಾನೂ ವರ್ಷಾವರ್ಷ ಕಳಿಸುತ್ತೇನೆ ಎನ್ನುತ್ತಾನೆ. ಟ್ರಸ್ಟ್ ಮಾಡುವುದು ಹೇಗೆ? ಮೊದಲು ಏನು ಮಾಡಬೇಕು?
— ತುಮಕೂರಿನ ಓದುಗರು

ಮೊದಲು ಲೆಕ್ಕ ನೋಡೋಣ. 60 ಲಕ್ಷವನ್ನು ಎಫ್‌ಡಿ ಇಟ್ಟು ನೂರಕ್ಕೆ ಆರೂವರೆ ಬಡ್ಡಿ ಬಂತು ಎಂದುಕೊಂಡರೆ ವರ್ಷಕ್ಕೆ 3 ಲಕ್ಷ 90 ಸಾವಿರ. ತೆರಿಗೆ ವಿನಾಯಿತಿ ಬೇಕೆನ್ನುವ ಟ್ರಸ್ಟು ತನ್ನ ಆದಾಯದಲ್ಲಿ ನೂರಕ್ಕೆ 85ರಷ್ಟನ್ನು ಆ ವರ್ಷವೇ ಧರ್ಮಕಾರ್ಯಕ್ಕೆ ಬಳಸಬೇಕು, 15ರಷ್ಟನ್ನು ಉಳಿಸಿಕೊಳ್ಳಬಹುದು. ಅಂದರೆ ಊರಿಗೆ ಸಿಗುವುದು ಸುಮಾರು 3 ಲಕ್ಷ 30 ಸಾವಿರ, ತಿಂಗಳಿಗೆ 27 ಸಾವಿರ ಚಿಲ್ಲರೆ. ಇದರಲ್ಲಿ ಶಾಲೆಗೊಂದು ಕೊಠಡಿ ಏಳುವುದಿಲ್ಲ. ಆದರೆ ಊರಿನ ಓದುಮನೆಯನ್ನು ಸಂಜೆ ಹೊತ್ತು ತೆರೆದಿಟ್ಟು, ಮಕ್ಕಳಿಗೆ ಪಾಠ ಹೇಳಿಕೊಡುವ ಒಬ್ಬರಿಗೆ ವರ್ಷವಿಡೀ ಸಂಬಳ ಕೊಟ್ಟು, ಪುಸ್ತಕಕ್ಕೂ ಒಂದಿಷ್ಟು ಮಿಗಿಸಬಹುದು. ಮೇಷ್ಟರ ಹೆಸರಿಗೆ ಇದಕ್ಕಿಂತ ಒಪ್ಪುವ ಕೆಲಸ ನನಗೆ ಹೊಳೆಯುತ್ತಿಲ್ಲ.

ಟ್ರಸ್ಟ್ ಹುಟ್ಟುಹಾಕುವುದು ಕಷ್ಟವಲ್ಲ. ಡೀಡ್ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಪ್ಯಾನ್ ಮಾಡಿಸಬೇಕು, ಬ್ಯಾಂಕ್ ಖಾತೆ ತೆರೆಯಬೇಕು. ಆಮೇಲೆ ಆದಾಯ ತೆರಿಗೆ ಇಲಾಖೆಯಲ್ಲಿ ಎರಡು ಅರ್ಜಿ: ಟ್ರಸ್ಟಿನ ಆದಾಯಕ್ಕೆ ವಿನಾಯಿತಿ ಕೊಡುವ ನೋಂದಣಿ ಒಂದು, ಕೊಡುವವರಿಗೆ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ ಇನ್ನೊಂದು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬದಲಾಗಿದ್ದರೂ ಜನರ ಬಾಯಲ್ಲಿ ಇವು 12ಎ, 80ಜಿ ಎಂದೇ ಉಳಿದಿವೆ. ಹೊಸ ಟ್ರಸ್ಟಿಗೆ ಮೊದಲು 3 ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ.

ಕಷ್ಟ ಇರುವುದು ಡೀಡಿನ ಒಳಗೆ. ಬೇರೆ ಟ್ರಸ್ಟಿನ ಡೀಡನ್ನು ನಕಲು ಮಾಡಿ, ವೃದ್ಧಾಶ್ರಮದಿಂದ ಎಂಜಿನಿಯರಿಂಗ್ ಕಾಲೇಜಿನವರೆಗೆ ಇಪ್ಪತ್ತು ಉದ್ದೇಶ ತುಂಬಿಸಿಕೊಂಡು ಬರುವವರೇ ಹೆಚ್ಚು. ಹಾಗೆ ಮಾಡಬೇಡಿ. ಊರಿನ ಮಕ್ಕಳ ಓದು ಎಂಬುದನ್ನು ನಡುವೆ ಇಟ್ಟು, ಅದರ ಸುತ್ತ ನಾಲ್ಕಾರು ಕೆಲಸಕ್ಕೆ ಜಾಗ ಬಿಡಿ. ಟ್ರಸ್ಟಿಗಳಾಗಿ ನೀವು ಮೂವರೇ ಕೂರುವುದೂ ಬೇಡ. ಊರಿನಲ್ಲೇ ಇರುವ ಇಬ್ಬರನ್ನು ಸೇರಿಸಿಕೊಳ್ಳಿ. ಸಾಧ್ಯವಾದರೆ ಅವರಲ್ಲೊಬ್ಬರು ನಿಮ್ಮ ತಂದೆಯ ಹಳೆಯ ವಿದ್ಯಾರ್ಥಿನಿಯಾಗಿರಲಿ. ಬೆಂಗಳೂರಿನಲ್ಲಿ ಕೂತು ಎಣಿಸಿದ ಅಗತ್ಯಕ್ಕೂ ಊರಿನವರು ಹೇಳುವ ಅಗತ್ಯಕ್ಕೂ ಇರುವ ದೂರವನ್ನು ನಾನು ಎಷ್ಟೋ ಸಲ ಲೆಕ್ಕದ ಪುಸ್ತಕದಲ್ಲೇ ಕಂಡಿದ್ದೇನೆ.

ಇನ್ನೊಂದು ಮಾತು. ಎಲ್ಲ ಹಣವನ್ನೂ ಒಂದೇ ದಿನ ಟ್ರಸ್ಟಿಗೆ ಸುರಿಯಬೇಡಿ. ಮೂಲಧನ ಎಂದು ಬರೆದುಕೊಟ್ಟದ್ದು ಮೂಲಧನವಾಗಿಯೇ ಉಳಿಯಬೇಕು, ಬೇಕೆಂದಾಗ ಮುಟ್ಟುವಂತಿಲ್ಲ. ಹಾಗೆ ಬರೆಯದೆ ಕೊಟ್ಟದ್ದು ಆ ವರ್ಷದ ಆದಾಯವಾಗಿ 85ರ ಲೆಕ್ಕಕ್ಕೆ ಬರುತ್ತದೆ. 40 ಲಕ್ಷವನ್ನು ಮೂಲಧನವಾಗಿಟ್ಟು ಉಳಿದ 20ನ್ನು ನಿಮ್ಮ ಕೈಯಲ್ಲೇ ಇಟ್ಟುಕೊಂಡು ಕೆಲಸ ಬೆಳೆದಂತೆ ಕೊಡುತ್ತ ಹೋಗಿ. ಮೊದಲ ವರ್ಷಗಳಲ್ಲಿ ತಪ್ಪುಗಳಾಗುತ್ತವೆ. ಅವು ಸಣ್ಣ ಮೊತ್ತದಲ್ಲಿ ಆಗಲಿ.

ಅಣ್ಣನ ವಿಷಯ ಅವರ ಪಾಸ್‌ಪೋರ್ಟ್ ನೋಡಿ ಹೇಳಬೇಕು. ಭಾರತದ ಪೌರತ್ವವಿದ್ದು, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರರಾಗಿದ್ದರೆ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅವರ ಒಂದು ಡಾಲರೂ ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ಟ್ರಸ್ಟಿಗೆ 3 ವರ್ಷ ತುಂಬಿರಬೇಕು, ಆ ಅವಧಿಯಲ್ಲಿ 15 ಲಕ್ಷ ಖರ್ಚು ಮಾಡಿರಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆ ನೋಂದಣಿ ಇಲ್ಲದೆ ಅವರಿಂದ ಒಂದು ರೂಪಾಯಿಯನ್ನೂ ಟ್ರಸ್ಟಿನ ಖಾತೆಗೆ ಹಾಕಿಸಿಕೊಳ್ಳಬೇಡಿ.

ನಾನು ರಾಯಚೂರು ಜಿಲ್ಲಾದ ಒಂದು ಹಳ್ಳಿ ಸಾಲಿ ಎಸ್‌ಡಿಎಂಸಿ ಅಧ್ಯಕ್ಷ. ಎರಡು ವರ್ಷದ ಹಿಂದ ಒಂದು ಟ್ರಸ್ಟಿನವರು ಬಂದು ದೊಡ್ಡ ಟಿವಿ, ಹತ್ತು ಕಂಪ್ಯೂಟರ್ ಕೊಟ್ಟು, ಫೋಟೊ ತಗಸ್ಕೊಂಡು ಹೋದ್ರು. ಯುಪಿಎಸ್ ಬ್ಯಾಟರಿ ಕೆಟ್ಟು ವರ್ಷ ಆತು. ಖೋಲಿಗೆ ಕೀಲಿ ಹಾಕೇವಿ. ನಮಗ ಬೇಕಾಗಿದ್ದು ಗಣಿತ ಕಲಿಸೋ ಒಬ್ಬ ಟೀಚರ್. ಕೇಳಿದ್ರ, ‘ಪಗಾರಕ್ಕ ಕೊಡಂಗಿಲ್ಲ, ಏನರ ವಸ್ತು ಬೇಕಂದ್ರ ಹೇಳ್ರಿ’ ಅಂತಾರ. ಅವರಿಗೆ ಹ್ಯಾಂಗ ತಿಳಿಸಿ ಹೇಳಬೇಕ್ರಿ?
— ಮಾನ್ವಿ ತಾಲೂಕಿನ ಓದುಗರು

ಅಧ್ಯಕ್ಷರೇ, ನಿಮ್ಮ ಪತ್ರವನ್ನು ನಾನು ಲೆಕ್ಕ ನೋಡುವ ಎಲ್ಲ ಟ್ರಸ್ಟಿಗಳಿಗೂ ಓದಿ ಹೇಳಬೇಕೆನಿಸಿತು. ಟಿವಿಗೆ ಒಂದು ಬಿಲ್ಲು ಸಿಗುತ್ತದೆ, ಒಂದು ಸಮಾರಂಭ ಸಿಗುತ್ತದೆ, ಮೇಲೆ ಹೆಸರು ಬರೆಸಬಹುದು. ಸಂಬಳವೋ, ಪ್ರತಿ ತಿಂಗಳೂ ಕೊಡಬೇಕು, ಯಾವತ್ತು ನಿಲ್ಲಿಸುವುದೆಂಬ ಅಂಜಿಕೆ ಬೇರೆ. 85ರ ನಿಯಮದ ಒತ್ತಡವೂ ಇದೆ. ಮಾರ್ಚ್ ಬಂತೆಂದರೆ ಉಳಿದ ಹಣವನ್ನು ಒಂದು ವಾರದಲ್ಲಿ ಮುಗಿಸುವ ಅವಸರ. ಆ ವಾರದಲ್ಲಿ ಕೊಳ್ಳಲು ಸಿಗುವುದು ವಸ್ತು ಮಾತ್ರ. ಈ ಅವಸರ ಅನಗತ್ಯ. ಇಂಥದ್ದೇ ಕೆಲಸಕ್ಕೆ ಎಂದು ಕ್ರಮವಾಗಿ ಇಲಾಖೆಗೆ ತಿಳಿಸಿ 5 ವರ್ಷದವರೆಗೆ ಹಣ ಕಾದಿಡಲು ಕಾನೂನಿನಲ್ಲೇ ದಾರಿ ಇದೆ. ಮೂರು ವರ್ಷದ ಟೀಚರ್ ಸಂಬಳವನ್ನು ಹೀಗೆ ತೆಗೆದಿಡಬಹುದು. ಈ ದಾರಿ ಗೊತ್ತಿಲ್ಲದೆ ಎಷ್ಟೋ ಟಿವಿಗಳು ಎಷ್ಟೋ ಖೋಲಿಗಳಲ್ಲಿ ಕೂತಿವೆ.

ದೊಡ್ಡ ಕೊಡುಗೆಗಳನ್ನು ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗಾಗಿ ಜೆಮ್‌ಶೆಟ್‌ಜಿ ಟಾಟಾ ಮುಂಬೈನ ತಮ್ಮ ಆಸ್ತಿಗಳನ್ನು ಬಿಟ್ಟುಕೊಟ್ಟದ್ದು ಅದರ ಉತ್ಪನ್ನ ಪ್ರತಿವರ್ಷ ಬರುತ್ತಿರಲಿ ಎಂದು. ಮೈಸೂರು ಸಂಸ್ಥಾನ 371 ಎಕರೆ ಜಾಗವನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ, ವಾರ್ಷಿಕ ಅನುದಾನವನ್ನೂ ಕೊಟ್ಟಿತು. 1909ರಲ್ಲಿ ಶುರುವಾದ ಸಂಸ್ಥೆಯ ಬೇರಿನಲ್ಲಿ ಈ ವರ್ಷಾವರ್ಷದ ಹಣವಿದೆ. ಈಚಿನ ಉದಾಹರಣೆ ನಿಮ್ಮ ಶಾಲೆಯಲ್ಲೇ ಇದೆ. ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸಲು ಅಜೀಂ ಪ್ರೇಮ್‌ಜಿ ಫೌಂಡೇಷನ್ 2024ರಲ್ಲಿ ರಾಜ್ಯದ ಜೊತೆ ಮೂರು ವರ್ಷದ ಒಪ್ಪಂದ ಮಾಡಿಕೊಂಡಿತು. ಮೊತ್ತ ಸುಮಾರು 1,500 ಕೋಟಿ. ಮೊಟ್ಟೆಯ ಮೇಲೆ ಯಾರ ಹೆಸರನ್ನೂ ಕೆತ್ತಿಸಲಾಗದು, ತಿಂದರೆ ಮುಗಿಯಿತು, ನಾಳೆ ಮತ್ತೆ ಬೇಕು. ಅಂಥ ಖರ್ಚನ್ನು ಹೊತ್ತುಕೊಳ್ಳುವುದೇ ನಿಜವಾದ ಕೊಡುಗೆ ಎಂದು ನಾನು ನಂಬಿದ್ದೇನೆ.

ಈಗ ನೀವು ಕೇಳುವ ರೀತಿ. ಮನವಿ ಒಂದೇ ಹಾಳೆಯಲ್ಲಿರಲಿ. ಸಾಲಿಯ ಯು-ಡೈಸ್ ಸಂಖ್ಯೆ, ಮಕ್ಕಳ ಸಂಖ್ಯೆ, ಗಣಿತದ ಹುದ್ದೆ ಎಂದಿನಿಂದ ಖಾಲಿ ಇದೆ, ಅತಿಥಿ ಶಿಕ್ಷಕರನ್ನು ಕೇಳಿ ಇಲಾಖೆಗೆ ಬರೆದ ಪತ್ರದ ನಕಲು, ಎಸ್‌ಡಿಎಂಸಿ ಠರಾವು, ಇಷ್ಟು ಸಾಕು. ಪಗಾರ ತಿಂಗಳಿಗೆ ಎಷ್ಟು, ಎಷ್ಟು ತಿಂಗಳಿಗೆ ಎಂದು ಬರೆಯಿರಿ. ‘ಸರ್ಕಾರದ ಟೀಚರ್ ಬಂದ ದಿನ ಇದು ನಿಲ್ಲುತ್ತದೆ’ ಎಂಬ ಸಾಲನ್ನು ಮರೆಯದೆ ಸೇರಿಸಿ. ಕೊಡುವವರ ಅಂಜಿಕೆಯನ್ನು ಅರ್ಧ ಕಳೆಯುವುದು ಅದೇ. ಹಣ ಮೂರು ತಿಂಗಳಿಗೊಮ್ಮೆ ಎಸ್‌ಡಿಎಂಸಿ ಖಾತೆಗೆ ಬರಲಿ. ಪ್ರತಿ ಕಂತಿನ ಮೊದಲು ಹಿಂದಿನ ಕಂತಿನ ಲೆಕ್ಕ ನೀವೇ ಮುಂದಾಗಿ ಕಳಿಸಿ. ಹಳೆಯ ಕಂಪ್ಯೂಟರ್ ಖೋಲಿಯ ಸಂಗತಿಯನ್ನೂ ಮುಚ್ಚಿಡಬೇಡಿ. ಬ್ಯಾಟರಿಗೆ ಎಷ್ಟು ಬೇಕು ಎಂದು ಅದರ ಜೊತೆಗೇ ಬರೆಯಿರಿ.

ದಾವಣಗೆರೆಯಲ್ಲಿ ನಮ್ಮ ತಾತ 1974ರಲ್ಲಿ ಮಾಡಿದ ಟ್ರಸ್ಟ್ ಇದೆ. ಒಂದು ಕಲ್ಯಾಣ ಮಂಟಪ, ಅದರ ಆದಾಯದಿಂದ ‘ನಮ್ಮ ಸಮಾಜದ ಬಡ ವಿದ್ಯಾರ್ಥಿಗಳಿಗೆ’ ಸ್ಕಾಲರ್‌ಶಿಪ್, ಕಾಲೇಜಿಗೊಂದು ಚಿನ್ನದ ಪದಕದ ದತ್ತಿ. ಈಗ ನಾನೂ ಟ್ರಸ್ಟಿ. ದೊಡ್ಡಪ್ಪನ ಮಗ ಮ್ಯಾನೇಜರ್. ನೆಂಟರ ಮದುವೆಗೆಲ್ಲ ಮಂಟಪ ಬಿಟ್ಟಿ. ಪ್ರಶ್ನೆ ಎತ್ತಿದರೆ ಮನೆಯಲ್ಲಿ ಮುನಿಸು. ಎತ್ತಬೇಕೇ?
— ದಾವಣಗೆರೆಯ ಓದುಗರು

ಎತ್ತಲೇಬೇಕು ತಾಯಿ. ಮಂಟಪ ಈಗ ಮನೆತನದ ಆಸ್ತಿಯಲ್ಲ. ತಾತ ಡೀಡಿಗೆ ಸಹಿ ಹಾಕಿದ ದಿನವೇ ಅದು ಊರಿನದಾಯಿತು. ನೆಂಟರಿಗೆ ಬಾಡಿಗೆಯಿಲ್ಲದೆ ಕೊಟ್ಟರೆ ಟ್ರಸ್ಟಿನ ಆಸ್ತಿಯನ್ನು ಸ್ಥಾಪಕರ ಸಂಬಂಧಿಕರು ಅನುಭವಿಸಿದಂತೆ. ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು. ದೊಡ್ಡಪ್ಪನ ಮಗ ಸಂಬಳ ತೆಗೆದುಕೊಳ್ಳುವುದು ತಪ್ಪಲ್ಲ, ಮಾಡುವ ಕೆಲಸಕ್ಕೆ ತಕ್ಕಷ್ಟಿದ್ದರೆ ಸಾಕು. ಮುಂದಿನ ಸಭೆಯಲ್ಲಿ ಎರಡೇ ಠರಾವು ಮಾಡಿಸಿ: ಬಾಡಿಗೆ ಎಲ್ಲರಿಗೂ ಒಂದೇ, ಸಂಬಳವನ್ನು ನಿಗದಿ ಮಾಡುವಾಗ ಸಂಬಂಧಪಟ್ಟವರು ಸಭೆಯಲ್ಲಿ ಕೂರುವುದಿಲ್ಲ. ಯಾರನ್ನೂ ದೂರುವ ಮಾತು ಅದರಲ್ಲಿಲ್ಲ, ಮುನಿಸೂ ಬೇಗ ಇಳಿಯುತ್ತದೆ.

‘ನಮ್ಮ ಸಮಾಜ’ ಎಂಬ ಪದದ ಕಡೆಗೂ ಗಮನ ಕೊಡಿ. 1962ರ ಏಪ್ರಿಲ್ 1ರ ನಂತರ ಹುಟ್ಟಿದ ಟ್ರಸ್ಟು ಒಂದೇ ಜಾತಿ ಅಥವಾ ಧರ್ಮದವರ ಒಳಿತಿಗೆ ಮಾತ್ರ ಎಂದಿದ್ದರೆ ವಿನಾಯಿತಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಟ್ರಸ್ಟುಗಳಿಗೆ ಈ ತಡೆ ಇಲ್ಲ. ನಿಮ್ಮ ಡೀಡಿನಲ್ಲಿ ತಿದ್ದುಪಡಿಗೆ ಅವಕಾಶವಿದ್ದರೆ ವಕೀಲರಿಂದ ತಿದ್ದಿಸಿ, ಇಲಾಖೆಗೆ 30 ದಿನದೊಳಗೆ ಅರ್ಜಿ ಹಾಕಿ. ಇಲ್ಲದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಅಡಿ ನ್ಯಾಯಾಲಯಕ್ಕೆ ಹೋಗಬೇಕು. ತಡವಾಗುತ್ತದೆ, ಆದರೆ ಮಾಡಿಸಬೇಕಾದ ಕೆಲಸ.

ಪದಕದ ದತ್ತಿಯದು ರಾಜ್ಯದಾದ್ಯಂತ ಒಂದೇ ಕಥೆ. ಅಂದಿನ ಕೆಲವು ಸಾವಿರದ ಬಡ್ಡಿಯಲ್ಲಿ ಇಂದು ಚಿನ್ನದ ಲೇಪವೂ ಬರುವುದಿಲ್ಲ. ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳಿಗೂ ಇದೇ ಗತಿ. ಬಡ್ಡಿ ಇಳಿದಂತೆ ಅತಿಥಿಯ ಬಸ್ ಚಾರ್ಜಿಗೂ ಸಾಲದಾಗಿದೆ. ಕಾಲೇಜಿನವರ ಜೊತೆ ಕೂತು, ಪದಕವನ್ನು ಒಬ್ಬ ವಿದ್ಯಾರ್ಥಿನಿಯ ಪರೀಕ್ಷಾ ಶುಲ್ಕವಾಗಿ ಬದಲಿಸಬಹುದೇ ಕೇಳಿ. ತಾತನ ಹೆಸರು ಉಳಿಯುತ್ತದೆ, ಒಂದು ಹುಡುಗಿ ಪರೀಕ್ಷೆಗೆ ಕೂರುತ್ತಾಳೆ.

ಊರಿನ ಟ್ರಸ್ಟಿಗೆ 5,000 ರೂಪಾಯಿ ನಗದು ಕೊಟ್ಟೆ. ರಸೀದಿ ಇದ್ದರೂ ತೆರಿಗೆಯಲ್ಲಿ ರಿಯಾಯಿತಿ ಇಲ್ಲವೆಂದರು. ಏಕೆ?
— ಶಿವಮೊಗ್ಗದ ಓದುಗರು

2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ರಿಯಾಯಿತಿ ಇಲ್ಲ. ಚೆಕ್ ಅಥವಾ ಯುಪಿಐ ಮೂಲಕ ಕೊಡಿ. ರಸೀದಿ ಮಾತ್ರವಲ್ಲ, ಟ್ರಸ್ಟ್ ಇಲಾಖೆಗೆ ವರದಿ ಸಲ್ಲಿಸಿ ಕೊಡುವ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಹೇಗೆ ಕೊಟ್ಟರೂ ರಿಯಾಯಿತಿ ಸಿಗದು.

ಕೋಲಾರದ ಹತ್ತಿರ ನಮ್ಮೂರ ಕೆರೆ ಹೂಳು ತುಂಬಿ ಜಾಲಿ ಬೆಳೆದಿದೆ. ನಮ್ಮ ಕುಟುಂಬದ ಟ್ರಸ್ಟಿನಿಂದ 25 ಲಕ್ಷ ಖರ್ಚು ಮಾಡಿ ಹೂಳೆತ್ತಿಸಿ, ಏರಿಯ ಮೇಲೆ ಅಜ್ಜನ ಹೆಸರಿನ ಕಮಾನು ಕಟ್ಟಿಸಬೇಕೆಂದಿದ್ದೇವೆ. ಸಲಹೆ ಕೊಡಿ.
— ಬೆಂಗಳೂರಿನ ಓದುಗರು

ಕೆರೆ ಯಾರ ಸುಪರ್ದಿನಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯತಿ ಕಡೆ. ಲಿಖಿತ ಅನುಮತಿ ಇಲ್ಲದೆ ಜೆಸಿಬಿ ಇಳಿಸಬೇಡಿ.

25 ಲಕ್ಷವನ್ನೂ ಹೂಳಿಗೇ ಹಾಕಬೇಡಿ ಎಂಬುದು ನನ್ನ ಬೇಡಿಕೆ. ನೀರು ಬರುವ ಕಾಲುವೆ ಮುಚ್ಚಿದ್ದರೆ ಎಷ್ಟು ಆಳ ತೋಡಿದರೂ ಕೆರೆ ತುಂಬದು. ಕಾಲುವೆ, ಕೋಡಿ, ತೂಬು ಮೊದಲು, ಹೂಳು ಆಮೇಲೆ. ಹೂಳನ್ನು ರೈತರೇ ಹೊಲಕ್ಕೆ ಒಯ್ಯುವಂತಾದರೆ ಸಾಗಣೆ ಖರ್ಚೂ ಉಳಿಯುತ್ತದೆ. ವಿಶ್ವಬ್ಯಾಂಕ್ ನೆರವಿನಲ್ಲಿ ನಡೆದ ಜಲ ಸಂವರ್ಧನೆ ಯೋಜನೆಯ ಕಾಲದಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಲಾಗಿತ್ತು. ನಿಮ್ಮೂರಿನಲ್ಲಿ ಅಂಥದ್ದು ಇತ್ತೇ ವಿಚಾರಿಸಿ, ಹೆಸರಿಗೆ ಮಾತ್ರ ಉಳಿದಿದ್ದರೂ ಅಲ್ಲಿಂದಲೇ ಶುರುಮಾಡಿ.

ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಮಾತು ಬರುತ್ತದೆ. ಕೆರೆ ಕಟ್ಟಿಸುವುದಕ್ಕೂ ಅದನ್ನು ನೋಡಿಕೊಳ್ಳುವುದಕ್ಕೂ ಬಿಟ್ಟುಕೊಟ್ಟ ಭೂಮಿ ಅದು. ಏರಿಗೆ ಮಣ್ಣು ಹಾಕಲು, ಹೂಳು ಹೊರಲು ಆ ಭೂಮಿಯ ಉತ್ಪನ್ನ ವರ್ಷಾವರ್ಷ ಒದಗುತ್ತಿತ್ತು. ನೀವೂ 15 ಲಕ್ಷವನ್ನು ಕೆಲಸಕ್ಕೆ ಹಾಕಿ 10 ಲಕ್ಷವನ್ನು ಎಫ್‌ಡಿ ಇಡಿ. ವರ್ಷಕ್ಕೆ ಬರುವ 60–65 ಸಾವಿರದಲ್ಲಿ ಮಳೆಗಾಲಕ್ಕೆ ಮೊದಲು ಕಾಲುವೆ ಬಿಡಿಸಿ, ತೂಬು ನೋಡಿಕೊಳ್ಳುವ ನೀರುಗಂಟಿಗೆ ಗೌರವಧನ ಕೊಡಬಹುದು. ಕಮಾನಿನ ಹಣವೂ ಅದಕ್ಕೇ ಸೇರಲಿ. ಅಜ್ಜನ ಹೆಸರು ತೂಬಿನ ಪಕ್ಕದ ಚಿಕ್ಕ ಕಲ್ಲಿನ ಮೇಲಿರಲಿ.

ಹಳೆಯ ನೀರುಗಂಟಿ ಮನೆಯವರು ಊರಿನಲ್ಲಿ ಇನ್ನೂ ಇದ್ದಾರೆಯೇ ಕೇಳಿ. ಇದ್ದರೆ, ಗುದ್ದಲಿ ಪೂಜೆಗೆ ದಿನ ಗೊತ್ತುಮಾಡುವ ಮೊದಲು ಅವರ ಜೊತೆ ಏರಿಯ ಮೇಲೆ ಒಂದು ಬೆಳಿಗ್ಗೆ ನಡೆದು ಬನ್ನಿ. ನೀರು ಯಾವ ದಿಕ್ಕಿನಿಂದ ಬರುತ್ತಿತ್ತು, ಯಾರ ಹೊಲದ ಬದುವಿನಲ್ಲಿ ಕಾಲುವೆ ನಿಂತುಹೋಯಿತು ಎಂದು ಅವರು ಕೈ ಮಾಡಿ ತೋರಿಸುತ್ತಾರೆ.