ಕಿವಿ ಮೊದಲು, ಪಿಂಗ್ ಆಮೇಲೆ

ಮಣಿಪಾಲದ ಹಾಸ್ಟೆಲಿನಲ್ಲಿ ರಾತ್ರಿಯಿಡೀ ಕಂಪ್ಯೂಟರಿನಲ್ಲಿ ಸಬ್‌ಮರೀನ್ ಓಡಿಸುತ್ತೀಯಂತೆ. ಆಡು ಮಾರಾಯ, ಬೇಡ ಅನ್ನುವುದಿಲ್ಲ. ಆದರೆ ದೂರದಲ್ಲಿ ಹಡಗಿನ ಸದ್ದು ಕೇಳಿದ ಕೂಡಲೇ ಸದ್ದು ಕಳಿಸಿ ಪ್ರತಿಧ್ವನಿ ಹಿಡಿಯುವ ಸೋನಾರಿನ ಪಿಂಗ್ ಬಟನ್ ಒತ್ತುತ್ತೀಯಲ್ಲ, ಆ ಆತುರದ ಬಗ್ಗೆ ಒಂದು ಮಾತು.

ದೂರದ ಲೆಕ್ಕವೇನೋ ಸುಲಭ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಪಿಂಗ್ ಹೋಗಿ ತಾಗಿ ಬರಲು 4 ಸೆಕೆಂಡು ಹಿಡಿದರೆ ಒಟ್ಟು ಓಟ 6000 ಮೀಟರ್. ಅದರ ಅರ್ಧ ಗುರಿಯ ದೂರ. ಮಲ್ಪೆ ದೋಣಿಗಳ ಫಿಶ್ ಫೈಂಡರ್ ಮಾಡುವುದೂ ಇದೇ ಕೆಲಸ, ಕೆಳಮುಖವಾಗಿ. ಆದರೆ ಬೂತಾಯಿ ಮೀನು ತಿರುಗಿ ಟಾರ್ಪಿಡೊ ಬಿಡುವುದಿಲ್ಲ, ಯುದ್ಧದ ಹಡಗು ಬಿಡುತ್ತದೆ. ನಿನ್ನ ಪಿಂಗ್ ಶತ್ರುವನ್ನು ಮುಟ್ಟಲು ಒಂದು ಹಾದಿ ಸಾಕು. ನಿನಗೆ ಉತ್ತರ ಬರಬೇಕಾದರೆ ಅದೇ ಹಾದಿಯನ್ನು ಎರಡು ಸಲ ಸವೆಸಬೇಕು. ಹಾಗಾಗಿ ನಿನಗೆ ಏನೂ ಸಿಗದಷ್ಟು ದೂರದಲ್ಲಿದ್ದವನಿಗೂ ನೀನು ಎಲ್ಲಿದ್ದೀ ಎಂಬುದು ಗೊತ್ತಾಗುತ್ತದೆ.

ಆದ್ದರಿಂದ ಮೊದಲು ಎಂಜಿನ್ ನಿಧಾನ ಮಾಡಿ ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನಿಗೆ ಕಿವಿಗೊಡು. ಅದು ದಿಕ್ಕು ಹೇಳುತ್ತದೆ. ದಿಕ್ಕು ಎಷ್ಟು ಬೇಗ ಸರಿಯುತ್ತದೆ ಎಂದು ನಕ್ಷೆಯಲ್ಲಿ ಗೆರೆ ಎಳೆಯುತ್ತಾ ಹೋಗು, ದೂರದ ಅಂದಾಜೂ ಅದರಿಂದಲೇ ಸಿಗುತ್ತದೆ. ಹಡಗು ಅಡ್ಡಲಾಗಿ ಸಿಗುವವರೆಗೆ ಕಾಯು, ಪಕ್ಕೆಯಿಂದ ಬರುವ ಪ್ರತಿಧ್ವನಿ ಮೂತಿಯಿಂದ ಬರುವುದಕ್ಕಿಂತ ಜೋರು. ಟಾರ್ಪಿಡೊ ಸಿದ್ಧವಿರಲಿ. ಆಮೇಲೆ ಒಂದೇ ಪಿಂಗ್. ದೂರ ಸಿಕ್ಕಿತೋ, ಟಾರ್ಪಿಡೊ ಬಿಟ್ಟು ಜಾಗ ಖಾಲಿ ಮಾಡು. ಆಳ ಕಡಿಮೆಯಿರುವ ಕಡೆ ತಳ, ಬಂಡೆಗಳೂ ಉತ್ತರ ಕೊಡುತ್ತವೆ. ಸೇಂಟ್ ಮೇರಿಸ್ ದ್ವೀಪದಂಥ ಜಾಗದಲ್ಲಿ ಬಂಡೆಯನ್ನೇ ಹಡಗೆಂದು ತಿಳಿದುಬಿಟ್ಟೀಯ.

ಅಡಗಬೇಕಾದ ಅಗತ್ಯವಿಲ್ಲದ ಕಡೆ ಮಾತು ಬೇರೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮಂದಿ ಮೀನುಗಾರರ ಸಮೇತ ಕಾಣೆಯಾಯಿತಲ್ಲ, ಅದರ ಅವಶೇಷವನ್ನು 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕಡೆಯ ಸಮುದ್ರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಪತ್ತೆ ಮಾಡಿದ್ದು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್, ಸೋನಾರಿನ ನೆರವಿನಿಂದ. ಅಲ್ಲಿ ಎಷ್ಟು ಸಲ ಬೇಕಾದರೂ ಪಿಂಗ್ ಹೊಡೆಯಬಹುದು, ಹೊಡೆಯಲೇಬೇಕು.

ಇವತ್ತು ಆಡುವಾಗ ಒಂದು ಕೆಲಸ ಮಾಡು. ಬರೀ ಸದ್ದು ಕೇಳಿ, ಗೆರೆ ಎಳೆದು, ದೂರವನ್ನು ಅಂದಾಜು ಮಾಡಿ ಬರೆದಿಡು. ಆಮೇಲೆ ಪಿಂಗ್ ಹೊಡೆದು ತಾಳೆ ನೋಡು. ಎರಡರ ನಡುವಿನ ಅಂತರ ದಿನೇ ದಿನೇ ಕಡಿಮೆಯಾದರೆ ನೀನು ಕಲಿಯುತ್ತಿದ್ದೀ ಎಂದು ಲೆಕ್ಕ.