ಗೋಕಾಕಕ್ಕೆ ಹೋದವರು ಖಾನಾವಳಿಯಲ್ಲೇ ಉಣ್ಣಲಿ

ಮಳೆಗಾಲದಲ್ಲಿ ಗೋಕಾಕದ ಬಳಿ ಘಟಪ್ರಭೆ ನದಿ 170 ಅಡಿ ಎತ್ತರದಿಂದ ಧುಮುಕುವುದನ್ನು ನೋಡಲು ಬರುವ ಬಹಳಷ್ಟು ಜನ, ಫೋಟೊ ತೆಗೆದುಕೊಂಡು ಹೆದ್ದಾರಿಯ ಹೋಟೆಲಿನತ್ತ ಕಾರು ತಿರುಗಿಸುತ್ತಾರೆ. ಆ ಅವಸರ ಬೇಡ. ಪಟ್ಟಣದೊಳಗೆ ಹೋಗಿ ಒಂದು ಖಾನಾವಳಿ ಹುಡುಕಬೇಕು.

ವೆನಿಸ್‌ನ ಬಾಕಾರೊ ಎಂಬ ಪುಟ್ಟ ವೈನ್ ಅಂಗಡಿಗಳಲ್ಲಿ ಜನ ಚಿಕ್ಕೆತ್ತಿ ಎಂಬ ಸಣ್ಣ ತಿನಿಸುಗಳನ್ನು ಒಂದೊಂದಾಗಿ ಕೇಳಿ ತಿನ್ನುತ್ತಾರೆ. ಖಾನಾವಳಿಯ ಊಟಕ್ಕೂ ಇದೇ ಕ್ರಮ ಒಪ್ಪುತ್ತದೆ. ಎಣ್ಣೆಗಾಯಿ, ಕಾಳುಪಲ್ಯ, ಝುಣಕ ಎಲ್ಲವನ್ನೂ ಒಮ್ಮೆಲೇ ತುಂಬಿಸಿಕೊಳ್ಳದೆ, ಸ್ವಲ್ಪ ಸ್ವಲ್ಪ ಬಡಿಸಿಕೊಳ್ಳಬೇಕು. ಹಂಚಿನಿಂದ ಈಗಷ್ಟೇ ಇಳಿದ ಜೋಳದ ರೊಟ್ಟಿಯನ್ನು ಉಗಿ ಆರುವ ಮೊದಲೇ ಮುರಿಯಬೇಕು. ತಣ್ಣಗಾದರೆ ಅದರ ಮೆದುತನ ಹೋಗುತ್ತದೆ. ಶೇಂಗಾ ಚಟ್ನಿಗೆ ಗಟ್ಟಿ ಮೊಸರು ಕೇಳಿ ಹಾಕಿಸಿಕೊಳ್ಳಬೇಕು.

ಖಾರದ ವಿಷಯದಲ್ಲಿ ಮಾತ್ರ ಎಚ್ಚರ. ನೆರೆಯ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ ಮೆಣಸಿನಕಾಯಿಗೆ ಹೆಸರಾದ ಊರು. ಮೆಣಸಿನಕಾಯಿ ಅರೆದು ಮಾಡುವ ರಂಜಕವನ್ನು ಮೊದಲು ಬೆರಳ ತುದಿಯಲ್ಲಿ ನೋಡಿ, ಆಮೇಲೆ ರೊಟ್ಟಿಗೆ ಹಚ್ಚುವುದು ಲೇಸು.

ಕೊನೆಗೆ ಇಲ್ಲಿನ ಸಿಹಿ, ಕರದಂಟು. ತುಪ್ಪದಲ್ಲಿ ಕರಿದಾಗ ಅರಳುವ ಅಂಟು, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿಗಳನ್ನು ಬೆಲ್ಲದ ಪಾಕ ಹಿಡಿದಿಡುತ್ತದೆ. ಬೆಲ್ಲಕ್ಕೆ ಬರವಿಲ್ಲ, ಪಕ್ಕದ ಮೂಡಲಗಿ ಸೀಮೆಯಂತೂ ಕಬ್ಬಿನ ನಾಡೇ. ಅಂದದ ಡಬ್ಬಿಗೆ ಮರುಳಾಗದೆ ತಯಾರಿಸಿದ ದಿನಾಂಕ ನೋಡಿ, ಒಂದು ತುಣುಕು ರುಚಿ ನೋಡಿಯೇ ಕೊಳ್ಳಬೇಕು. ಕೊಬ್ಬರಿ ಕಮಟಾಗಿದ್ದರೆ ಎಷ್ಟೇ ಗೋಡಂಬಿ ಹಾಕಿದರೂ ಆ ಕರದಂಟು ತಿನ್ನಲು ಬಾರದು.