ಹಿಮದ ಮೇಲಿನ ಗಾಳವೂ ಬಾಸ್ ಮೀನೂ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿ ಚಳಿಗಾಲ ಬಂತೆಂದರೆ ಸರೋವರಗಳ ಮೇಲ್ಮೈ ಹೆಪ್ಪುಗಟ್ಟಿ ನೆಲದಂತೆ ಗಟ್ಟಿಯಾಗುತ್ತದೆ. ಜನರು ಅದರ ಮೇಲೆ ನಡೆದುಹೋಗಿ, ಭೈರಿಗೆಯಿಂದ ರಂಧ್ರ ಕೊರೆದು, ಗಾಳ ಇಳಿಬಿಟ್ಟು ಕುಳಿತುಕೊಳ್ಳುತ್ತಾರೆ. ಹೀಗೆ ಸಿಕ್ಕುವ ಮೀನುಗಳಲ್ಲಿ ಬಾಸ್ ಒಂದು. ದೊಡ್ಡ ಬಾಯಿಯದು, ಸಣ್ಣ ಬಾಯಿಯದು ಎಂದು ಇದರಲ್ಲಿ ಎರಡು ಮುಖ್ಯ ಜಾತಿಗಳುಂಟು. ಹಿಡಿದ ಬಾಸನ್ನು ಮನೆಗೆ ಒಯ್ಯಲು ಬಿಡಬೇಕೇ, ನೀರಿಗೇ ಮರಳಿಸಬೇಕೇ ಎಂಬುದು ಅಲ್ಲಿ ವಾದದ ವಿಷಯವಾಗಿದೆ.

ಮೊದಲು ಮೀನಿನ ಸ್ಥಿತಿಯನ್ನು ನೋಡೋಣ. ನೀರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಸಾಂದ್ರವಾಗಿರುವುದರಿಂದ ಆ ನೀರು ತಳಕ್ಕಿಳಿಯುತ್ತದೆ. ಮಂಜುಗಡ್ಡೆ ಮೇಲೆ ತೇಲುತ್ತದೆ. ಆದ್ದರಿಂದಲೇ ಮೀನುಗಳು ಬದುಕುಳಿಯುತ್ತವೆ. ಆದರೆ ಶೀತರಕ್ತದ ಬಾಸ್ ಆಗ ಜಡವಾಗಿ, ಸ್ವಲ್ಪವೇ ತಿನ್ನುತ್ತದೆ. ವಿಶೇಷವಾಗಿ ಸಣ್ಣ ಬಾಯಿಯ ಬಾಸ್ ಆಳವಾದ ಕೆಲವೇ ತಾಣಗಳಲ್ಲಿ ಗುಂಪುಗೂಡುತ್ತದೆ. ಅಂತಹ ತಾಣವೊಂದು ಕಣ್ಣಿಗೆ ಬಿದ್ದರೆ ಇಡೀ ಸರೋವರದ ಸಂಪತ್ತು ಕೆಲವೇ ಜನರ ಕೈಗೆ ಸಿಕ್ಕಿದಂತೆ. ತಣ್ಣೀರಿನಲ್ಲಿ ಈ ಮೀನಿನ ಬೆಳವಣಿಗೆ ನಿಧಾನ. ದೊಡ್ಡದೊಂದು ಮೀನಿಗೆ ಹತ್ತು ವರ್ಷದಷ್ಟು ವಯಸ್ಸಾಗಿರಬಹುದು. ಕಳೆದುಕೊಂಡದ್ದು ಬೇಗ ತುಂಬಿಬರುವುದಿಲ್ಲ.

ಈ ಕಾರಣಗಳಿಗೆ ತಕ್ಕಂತೆ ಕೆಲವು ಸಂಸ್ಥಾನಗಳಲ್ಲಿ ನಿಯಮಗಳು ಬಿಗಿಯಾಗಿವೆ. ನ್ಯೂಯಾರ್ಕಿನ ಸಾಮಾನ್ಯ ನಿಯಮದಂತೆ ಜೂನ್ 15ರಿಂದ ನವೆಂಬರ್ 30ರ ತನಕ ಮಾತ್ರ ಬಾಸನ್ನು ಇಟ್ಟುಕೊಳ್ಳಬಹುದು; ಉಳಿದ ಕಾಲದಲ್ಲಿ ಹಿಡಿದು ಬಿಡತಕ್ಕದ್ದು. ಮಿಷಿಗನ್ನಿನಲ್ಲಿ ಇಟ್ಟುಕೊಳ್ಳುವ ಅವಧಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ.

ಇದಕ್ಕೆ ಪ್ರತಿವಾದವೂ ಇಲ್ಲದಿಲ್ಲ. ಬಿಟ್ಟ ಮೀನೆಲ್ಲ ಬದುಕುತ್ತದೆಂಬುದು ಭ್ರಮೆ. ಆಳದಿಂದ ಥಟ್ಟನೆ ಮೇಲೆಳೆದಾಗ ಒತ್ತಡ ತಗ್ಗಿ ಮೀನಿನ ಗಾಳಿಚೀಲ ಹಿಗ್ಗುತ್ತದೆ. ಕೊರೆಯುವ ಗಾಳಿಯಲ್ಲಿ ಹಿಮದ ಮೇಲೆ ಇಟ್ಟರೆ ಕಿವಿರುಗಳೂ ಕಣ್ಣುಗಳೂ ಹೆಪ್ಪುಗಟ್ಟುತ್ತವೆ. ಸಾಯಲಿರುವ ಮೀನನ್ನು ನೀರಿಗೆಸೆದು ದಯೆ ತೋರಿದೆನೆನ್ನುವುದರಲ್ಲಿ ಅರ್ಥವೇನು? ಇದಲ್ಲದೆ ಮೇಯ್ನ್ ಸಂಸ್ಥಾನದಲ್ಲಿ ಬಾಸ್ ಸ್ಥಳೀಯ ಮೀನೇ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನಿಂದ ತಂದು ಬಿಟ್ಟದ್ದು. ಅದು ಅಲ್ಲಿನ ಮೂಲನಿವಾಸಿಯಾದ ಟ್ರೌಟ್ ಮೀನಿನ ನೀರಿಗೆ ನುಗ್ಗಿದಲ್ಲಿ, ಹಿಡಿದು ತಿನ್ನುವುದೇ ಸರೋವರಕ್ಕೆ ಉಪಕಾರ.

ಆದುದರಿಂದ ಎಲ್ಲ ನೀರಿಗೂ ಒಂದೇ ಕಟ್ಟಳೆ ಸಲ್ಲದು. ಸಣ್ಣ ಬಾಸುಗಳು ಕಿಕ್ಕಿರಿದು ಬೆಳವಣಿಗೆ ಕುಂಠಿತವಾದ ಕೆರೆಯಲ್ಲಿ ಕೆಲವನ್ನು ಒಯ್ಯಲು ಬಿಡುವುದು ನ್ಯಾಯ. ಮೀನು ಗುಂಪುಗೂಡಿ ಚಳಿಗಾಲ ಕಳೆಯುವ ಆಳದ ತಾಣಗಳಲ್ಲಿಯಾದರೋ ಒಯ್ಯುವುದನ್ನಷ್ಟೇ ತಡೆದರೆ ಸಾಲದು. ಅಲ್ಲಿ ಗಾಳವನ್ನೇ ಇಳಿಬಿಡದಿರುವುದು ಉತ್ತಮ. ಇಟ್ಟುಕೊಳ್ಳುವ ಹಕ್ಕು ಗಾಳಗಾರನ ತಾಳ್ಮೆಯಿಂದ ಹುಟ್ಟುವುದಲ್ಲ, ಸರೋವರದ ಸಮೃದ್ಧಿಯಿಂದ ಹುಟ್ಟುವುದು. ಆ ಸಮೃದ್ಧಿಯನ್ನು ಅಳೆದು ನೋಡಿದ ಮೇಲೆಯೇ ಅಪ್ಪಣೆ ಕೊಡುವುದು ವಿವೇಕ.